ಕೊನೇ ಬಸ್ಸಿಗೆ ಮುಂಚೆ ಮುಗಿಯಬೇಕಾದ ಓದು

ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ಹೆಣ್ಣುಮಕ್ಕಳು ಹತ್ತನೇ ಕ್ಲಾಸನ್ನು ಚೆನ್ನಾಗಿಯೇ ದಾಟುತ್ತಾರೆ. ತೊಡಕು ಶುರುವಾಗುವುದು ಅಲ್ಲಿಂದಾಚೆ.

ಬೆಳಗ್ಗೆ ಬೇಲೂರಿನ ಬಸ್ ನಿಲ್ದಾಣದಲ್ಲಿ ಎರಡು ಬಗೆಯ ಜನ ಇಳಿಯುತ್ತಾರೆ. ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಚೆನ್ನಕೇಶವನ ಗುಡಿಗೆ ದಾರಿ ಕೇಳುವವರು ಒಂದು ಕಡೆ. ಯಾರನ್ನೂ ಏನೂ ಕೇಳದೆ ಸರಸರನೆ ಕಾಲೇಜಿನ ಕಡೆ ನಡೆದುಬಿಡುವ ಹುಡುಗಿಯರು ಇನ್ನೊಂದು ಕಡೆ. ಇವರು ಬಿಕ್ಕೋಡು, ಅರೇಹಳ್ಳಿ, ಹಳೇಬೀಡು ಕಡೆಯ ಬಸ್ಸುಗಳಲ್ಲಿ ಬಂದವರು. ಹೆಗಲಿಗೆ ಚೀಲ, ಚೀಲದಲ್ಲಿ ಬುತ್ತಿ, ಮೊಬೈಲಿನ ಕವರ್ ಹಿಂದೆ ಸಿಕ್ಕಿಸಿದ ಆಧಾರ್ ಕಾರ್ಡು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಈ ಕಾರ್ಡೇ ಅವರಿಗೆ ಬಸ್ ಪಾಸು. ಹೆಣ್ಣುಮಗಳ ಓದಿಗೆ ಬಸ್ ಚಾರ್ಜು ಯಾಕೆ ದಂಡ ಎಂಬ ಮನೆಯ ಗೊಣಗಾಟ ಅಲ್ಲಿಗೆ ನಿಂತಿತು. ಅಷ್ಟರಮಟ್ಟಿಗೆ ಅದು ದೊಡ್ಡ ಕೆಲಸವೇ.

ಸಂಜೆ ನೋಡಬೇಕು. ಬೆಳಗ್ಗೆ ಹರಟುತ್ತ ಇಳಿದವರೇ ಸಂಜೆ ಗಡಿಯಾರ ನೋಡುತ್ತ ನಿಂತಿರುತ್ತಾರೆ. ಬಸ್ಸು ತುಂಬಿ ಬಂದರೆ ನಿಲ್ಲುವುದಿಲ್ಲ. ಅದು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ. ಮುಖ್ಯರಸ್ತೆಯ ಗೇಟಿನಲ್ಲಿ ಇಳಿದು ಊರೊಳಕ್ಕೆ ಎರಡು ಮೂರು ಕಿಲೋಮೀಟರ್ ನಡೆಯಬೇಕಾದವಳಿಗೆ ಆ ಹೊತ್ತಿನಲ್ಲಿ ಭಯ ಒಂದೆರಡಲ್ಲ. ಕುಡಿದು ಕೂತವರಿರುತ್ತಾರೆ, ಬೈಕಿನಲ್ಲಿ ಹಿಂಬಾಲಿಸುವವರಿರುತ್ತಾರೆ. ಬಿಕ್ಕೋಡಿನ ಕಡೆಯಾದರೆ ಆನೆ. ಕಾಫಿ ತೋಟಗಳಲ್ಲಿ ಬೀಡುಬಿಟ್ಟ ಕಾಡಾನೆಗಳು ಯಾವ ಊರಿನ ಬಳಿ ಇವೆ ಎಂದು ಅರಣ್ಯ ಇಲಾಖೆಯವರು ಮೊಬೈಲಿಗೆ ಸಂದೇಶ ಕಳಿಸುತ್ತಾರೆ. ಆ ಸಂದೇಶ ಓದಿ ಮಗಳನ್ನು ಕಾಲೇಜಿಗೆ ಕಳಿಸುವುದೋ ಬೇಡವೋ ಎಂದು ತೀರ್ಮಾನಿಸುವ ತಾಯಂದಿರು ಬೇಲೂರು ತಾಲ್ಲೂಕಿನಲ್ಲಿದ್ದಾರೆ. ಹೆಣ್ಣುಮಕ್ಕಳ ಶಿಕ್ಷಣಕ್ಕೆ ಅಡ್ಡಿಗಳು ಎಂದು ಪಟ್ಟಿ ಮಾಡುವ ಅಂತರರಾಷ್ಟ್ರೀಯ ವರದಿಗಳಲ್ಲಿ ಆನೆಯ ಹೆಸರಿದ್ದದ್ದು ನಾನಂತೂ ಕಾಣೆ.

ವಿಜ್ಞಾನ ತೆಗೆದುಕೊಂಡರೆ ಪ್ರಾಕ್ಟಿಕಲ್ಲು, ಟ್ಯೂಷನ್ನು ಅಂತ ಹೊತ್ತಾಗುತ್ತದೆ, ಆರ್ಟ್ಸ್ ತಗೋ ಎನ್ನುವುದು ಇಲ್ಲಿ ಮನೆಮನೆಯ ಮಾತು. ಹುಡುಗಿ ಯಾವ ವಿಷಯ ಓದಬೇಕು ಎಂಬುದನ್ನು ಅವಳ ಅಂಕಪಟ್ಟಿಗಿಂತ ಬಸ್ಸಿನ ವೇಳಾಪಟ್ಟಿ ಹೆಚ್ಚು ನಿರ್ಧರಿಸುತ್ತದೆ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದೂ ಇಷ್ಟನ್ನೇ. ಈ ಸೀಮೆಯಲ್ಲಿ ಶಾಲೆಯ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದು ಬಹಳ ಕಾಲವಾಯಿತು. ಅಡ್ಡಿ ಈಗ ಬಾಗಿಲಲ್ಲಿ ನಿಂತಿಲ್ಲ, ಮನೆಗೂ ಬಾಗಿಲಿಗೂ ನಡುವಿನ ದಾರಿಯಲ್ಲಿ ಕೂತಿದೆ.

ಅಂಕಕ್ಕೇನೂ ಕೊರತೆಯಿಲ್ಲ

2019ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹಾಸನ ಜಿಲ್ಲೆ ಶೇ. 89.33ರೊಂದಿಗೆ ರಾಜ್ಯಕ್ಕೇ ಮೊದಲು ಬಂದಾಗ ಜಿಲ್ಲೆಯವರಿಗೇ ನಂಬಿಕೆ ಬಂದಿರಲಿಲ್ಲ. ಉಡುಪಿ, ದಕ್ಷಿಣ ಕನ್ನಡಗಳಿಗೆ ಮೀಸಲು ಎಂದುಕೊಂಡಿದ್ದ ಜಾಗ ಅದು. 2023ರಲ್ಲಿ ಚಿತ್ರದುರ್ಗ, ಮಂಡ್ಯಗಳ ಹಿಂದೆ ಹಾಸನ ಮೂರನೆಯದಾಗಿ ನಿಂತಿತು. ರಾಜ್ಯದಲ್ಲಿ ವರ್ಷವರ್ಷವೂ ಹುಡುಗಿಯರ ಫಲಿತಾಂಶ ಹುಡುಗರಿಗಿಂತ ಮೇಲೆಯೇ. ಫಲಿತಾಂಶದ ಮರುದಿನ ಪತ್ರಿಕೆಗಳಲ್ಲಿ ‘ಬಾಲಕಿಯರೇ ಮೇಲುಗೈ’ ಎಂಬ ತಲೆಬರಹವನ್ನು ಹೊಸದಾಗಿ ಅಚ್ಚುಜೋಡಿಸುವ ಅಗತ್ಯವೇ ಇಲ್ಲ, ಹೋದ ವರ್ಷದ್ದನ್ನೇ ಎತ್ತಿಡಬಹುದು.

ಹಾಗೆ ಮೇಲುಗೈ ಸಾಧಿಸಿದವರೆಲ್ಲ ಜೂನ್ ತಿಂಗಳಲ್ಲಿ ಎಲ್ಲಿ ಹೋಗುತ್ತಾರೆ? ಮುಖ್ಯೋಪಾಧ್ಯಾಯರ ಕೋಣೆಗೆ ಬಂದು ಟಿ.ಸಿ. ತೆಗೆದುಕೊಂಡು ಹೋಗುವ ಹುಡುಗಿಯರಲ್ಲಿ ಕೆಲವರ ಟಿ.ಸಿ. ಯಾವ ಕಾಲೇಜಿನ ಕಡತಕ್ಕೂ ಸೇರುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಪಡಿತರ ಚೀಟಿ, ಜಾತಿ ಪ್ರಮಾಣಪತ್ರಗಳ ಜೊತೆ ಬೀರುವಿನಲ್ಲಿ ಉಳಿದುಹೋಗುತ್ತದೆ. ಅವಳನ್ನು ಶಾಲೆ ಬಿಟ್ಟವಳು ಎಂದು ಯಾರೂ ಬರೆದುಕೊಳ್ಳುವುದಿಲ್ಲ, ಏಕೆಂದರೆ ಅವಳು ಶಾಲೆ ಮುಗಿಸಿದವಳು.

ಜಗತ್ತಿನಲ್ಲಿ ಶಾಲೆಯಿಂದ ಹೊರಗಿರುವ ಹೆಣ್ಣುಮಕ್ಕಳು 12 ಕೋಟಿಗೂ ಹೆಚ್ಚು ಎಂದು ಯುನೆಸ್ಕೋ ಲೆಕ್ಕ ಹೇಳುತ್ತದೆ. ಅವರಲ್ಲಿ ಕೆಲವರ ಅಡ್ಡಿ ಕಣ್ಣಿಗೆ ರಾಚುವಂಥದ್ದು. ಅಫ್ಘಾನಿಸ್ತಾನದಲ್ಲಿ 2021ರ ಸೆಪ್ಟೆಂಬರಿನಿಂದ ಪ್ರೌಢಶಾಲೆಗಳು ಹುಡುಗಿಯರಿಗೆ ಮುಚ್ಚಿವೆ, 2022ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯಗಳೂ ಮುಚ್ಚಿದವು. ನೈಜೀರಿಯಾದ ಚಿಬೊಕ್‌ನಲ್ಲಿ 2014ರ ಏಪ್ರಿಲಿನ ಒಂದು ರಾತ್ರಿ ಶಾಲೆಯ ಹಾಸ್ಟೆಲಿನಿಂದಲೇ 276 ಹುಡುಗಿಯರನ್ನು ಅಪಹರಿಸಿದರು. ಸಿಯೆರಾ ಲಿಯೋನ್‌ನಲ್ಲಿ ಗರ್ಭಿಣಿಯಾದ ಹುಡುಗಿ ಶಾಲೆಗೆ ಬರಕೂಡದು ಎಂಬ ನಿಷೇಧ ತೆರವಾದದ್ದು 2020ರಲ್ಲಿ. ಅಲ್ಲೆಲ್ಲ ಬೀಗವೋ ಬಂದೂಕೋ ಆದೇಶವೋ ಕಾಣುತ್ತದೆ, ಅದರ ಎದುರು ಕೂಗಬಹುದು. ಕಣಕಟ್ಟೆ ಹೋಬಳಿಯ ಒಬ್ಬ ಅಪ್ಪ ಮಗಳ ತಲೆ ನೇವರಿಸಿ “ಓದಿದ್ದು ಸಾಕು ಕಣವ್ವ, ದಿನಾ ಅಷ್ಟು ದೂರ ಹೋಗಿ ಬರೋದು ಬ್ಯಾಡ” ಎಂದರೆ ಯಾರ ವಿರುದ್ಧ ಕೂಗುವುದು? ಅವನ ದನಿಯಲ್ಲಿ ಇರುವುದು ಪ್ರೀತಿಯೇ.

ದೋರಸಮುದ್ರದಿಂದ ಅರಸೀಕೆರೆಗೆ

ಹೆಣ್ಣಿಗೆ ವಿದ್ಯೆ ಈ ನೆಲಕ್ಕೆ ಹೊಸದೇನಲ್ಲ ಎಂದು ಭಾಷಣಗಳಲ್ಲಿ ಹೇಳುವುದುಂಟು. ಸುಳ್ಳೇನೂ ಅಲ್ಲ. ವಿಷ್ಣುವರ್ಧನನ ರಾಣಿ ಶಾಂತಲೆಯನ್ನು ಶಾಸನಗಳು ಹಾಡು, ವಾದ್ಯ, ನೃತ್ಯಗಳಲ್ಲಿ ನುರಿತವಳು, ವಿವೇಕದಲ್ಲಿ ಬೃಹಸ್ಪತಿಗೆ ಸಾಟಿ ಎಂದು ಹೊಗಳುತ್ತವೆ. ಹಳೇಬೀಡು ದೋರಸಮುದ್ರವಾಗಿದ್ದ ಕಾಲದಲ್ಲಿ ಕಂತಿ ಎಂಬ ಕವಯಿತ್ರಿ ಆಸ್ಥಾನದಲ್ಲಿ ನಾಗಚಂದ್ರನ ಸಮಸ್ಯೆಗಳಿಗೆ ಥಟ್ಟನೆ ಉತ್ತರ ಕೊಡುತ್ತಿದ್ದಳು ಎಂಬ ಐತಿಹ್ಯವಿದೆ. ವಿದ್ವಾಂಸರು ಇದನ್ನು ಪೂರ್ತಿ ಒಪ್ಪುವುದಿಲ್ಲ, ಆದರೂ ಕಥೆ ಚೆನ್ನಾಗಿದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಮದನಿಕೆಯರ ಚಿತ್ರಗಳು ದೇಶದ ಪತ್ರಿಕೆಗಳಲ್ಲೆಲ್ಲ ರಾರಾಜಿಸಿದವು. ಆದರೆ ಅರಮನೆಯ ಒಬ್ಬ ರಾಣಿ, ಆಸ್ಥಾನದ ಒಬ್ಬ ಕವಯಿತ್ರಿಯನ್ನು ತೋರಿಸಿ ಆ ಕಾಲದ ಒಕ್ಕಲಿಗರ ಮಗಳೂ ಓದುತ್ತಿದ್ದಳು ಎನ್ನುವುದು, ಕಲ್ಲಿನ ಮದನಿಕೆ ಕನ್ನಡಿ ಹಿಡಿದಿದ್ದಾಳೆ ಎಂದು ಊರಿನ ಮನೆಮನೆಯಲ್ಲೂ ಕನ್ನಡಿ ಇತ್ತು ಎಂದಂತೆ.

ಊರಿನ ಮಗಳ ಚರಿತ್ರೆ ಶುರುವಾಗುವುದು ತೀರ ಈಚೆಗೆ. ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆ 1881ರಲ್ಲಿ ತೆರೆಯಿತು, ಅದರ ಹಿಂದೆ ದುಡಿದವರು ಅಂಬಳೆ ನರಸಿಂಹ ಅಯ್ಯಂಗಾರ್ಯರು. ಹದಿಮೂರು ವರ್ಷ ಕಳೆದು, 1894ರಲ್ಲಿ, ಮೈಸೂರು ಸಂಸ್ಥಾನ ಬಾಲ್ಯವಿವಾಹದ ಮೇಲೆ ಕಾಯಿದೆ ತಂದಿತು. ಅದು ನಿಷೇಧಿಸಿದ್ದು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು. ಎಂಟು! ಅಷ್ಟಕ್ಕೇ ಸಂಪ್ರದಾಯಸ್ಥರು ಧರ್ಮ ಕೆಟ್ಟಿತೆಂದು ಗುಲ್ಲೆಬ್ಬಿಸಿದ್ದರು. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯಿದೆ ಮದುವೆಯ ವಯಸ್ಸನ್ನು 14ಕ್ಕೆ ಏರಿಸಿತು, 1978ರಲ್ಲಿ ಅದು 18ಕ್ಕೆ ಬಂತು.

ಎಂಟನೇ ವಯಸ್ಸಿಗಿಂತ ತುಸು ತಡವಾಗಿ, ಹದಿಮೂರು ಹದಿನಾಲ್ಕರಲ್ಲಿ ಮದುವೆಯಾದ ಪೋರಬಂದರಿನ ಒಬ್ಬ ಹುಡುಗಿಯ ಹೆಸರು ಅರಸೀಕೆರೆಯಲ್ಲಿ ಇಂದಿಗೂ ಇದೆ. ಕಸ್ತೂರಬಾ ಗಾಂಧಿಯವರಿಗೆ ಬಾಲ್ಯದಲ್ಲಿ ಅಕ್ಷರ ಕಲಿಸಿದವರಿಲ್ಲ. ಮದುವೆಯಾದ ಮೇಲೆ ಕಲಿಸಹೊರಟ ಗಂಡ ಸೋತರು. ಸೋತದ್ದಕ್ಕೆ ಹೆಂಡತಿಯ ಜಾಣ್ಮೆಯನ್ನು ದೂರದೆ ತನ್ನ ದೌರ್ಬಲ್ಯವನ್ನೇ ಕಾರಣವೆಂದು ಆತ್ಮಕಥೆಯಲ್ಲಿ ಬರೆದುಕೊಂಡರು. ಹಗಲಿನಲ್ಲಿ ಹಿರಿಯರ ಎದುರು ಗಂಡಹೆಂಡಿರು ಮಾತಾಡುವಂತಿರಲಿಲ್ಲ ಎಂಬುದೂ ಆ ಸೋಲಿಗೆ ಒಂದು ಕಾರಣ. ಕಸ್ತೂರಬಾ ಸರಳ ಗುಜರಾತಿಯಲ್ಲಿ ಕಷ್ಟಪಟ್ಟು ಒಂದು ಕಾಗದ ಬರೆಯುವಷ್ಟು ಮಾತ್ರ ಕಲಿತರು.

1944ರ ಫೆಬ್ರುವರಿ 22ರಂದು ಅವರು ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿ ತೀರಿಕೊಂಡ ಮೇಲೆ ಅವರ ನೆನಪಿಗೆ 75 ಲಕ್ಷ ರೂಪಾಯಿ ನಿಧಿ ಕೂಡಿಸಬೇಕೆಂದು ದೇಶ ಹೊರಟಿತು. ಗಾಂಧೀಜಿಗೆ ಆ ಅಕ್ಟೋಬರಿಗೆ 75 ತುಂಬುತ್ತಿತ್ತು. ಹಣ ಗುರಿ ಮೀರಿ ಕೋಟಿ ದಾಟಿತು. ಪೂರ್ತಿ ಹಣ ಹಳ್ಳಿಯ ಹೆಂಗಸರಿಗೂ ಮಕ್ಕಳಿಗೂ ಹೋಗಬೇಕೆಂದು ಗಾಂಧೀಜಿ ಪಟ್ಟುಹಿಡಿದರು. ಆ ಕಸ್ತೂರಬಾ ಗಾಂಧಿ ರಾಷ್ಟ್ರೀಯ ಸ್ಮಾರಕ ಟ್ರಸ್ಟಿನ ಕರ್ನಾಟಕದ ಕೇಂದ್ರ ನೆಲೆನಿಂತದ್ದು ಬೆಂಗಳೂರಿನಲ್ಲಲ್ಲ, ಮೈಸೂರಿನಲ್ಲೂ ಅಲ್ಲ, ಅರಸೀಕೆರೆಯ ಕಸ್ತೂರಬಾ ಗ್ರಾಮದಲ್ಲಿ. ಅದರ ಹಿಂದಿದ್ದವರು ಯಶೋಧರಾ ದಾಸಪ್ಪ. ಮುಂದೆ ನಿಜಲಿಂಗಪ್ಪನವರ ಸಂಪುಟದಲ್ಲಿ ಸಚಿವೆಯಾಗಿ, ಪಾನನಿರೋಧ ಸಡಿಲಿಸಿದ್ದಕ್ಕೆ ಕುರ್ಚಿ ಬಿಟ್ಟು ಎದ್ದುಬಂದ ಗಟ್ಟಿಗಿತ್ತಿ.

ಅರಸೀಕೆರೆ ರೈಲು ಜಂಕ್ಷನ್ ಎನ್ನುವುದನ್ನು ಇಲ್ಲಿ ಮರೆಯುವಂತಿಲ್ಲ. ಬೆಂಗಳೂರು, ಹುಬ್ಬಳ್ಳಿ, ಹಾಸನ ಮೂರೂ ಕಡೆಯ ಹಳಿ ಕೂಡುವ ಊರಿಗೆ ಒಬ್ಬ ವಿಧವೆ, ಗಂಡ ಬಿಟ್ಟ ಒಬ್ಬ ಹೆಂಗಸು ಟ್ರಂಕು ಹಿಡಿದು ಬಂದು ಇಳಿಯಬಹುದಿತ್ತು. ಟ್ರಸ್ಟಿನವರು ಅಂಥವರನ್ನು ಗ್ರಾಮಸೇವಿಕೆಯರಾಗಿ ತರಬೇತುಗೊಳಿಸಿದರು. ಅವರು ಹಳ್ಳಿಗಳಿಗೆ ಹೋಗಿ ಬಾಲವಾಡಿ ನಡೆಸಿದರು, ಹೆರಿಗೆ ನೋಡಿಕೊಂಡರು, ಅಕ್ಷರ ಕಲಿಸಿದರು. ಬಾಲವಾಡಿಯಿಂದ ದೊಡ್ಡ ಲಾಭ ಪಡೆದವರು ಅಲ್ಲಿ ಕೂತ ಎಳೆಯರಿಗಿಂತ ಅವರ ಅಕ್ಕಂದಿರು ಎಂದು ನನಗೆ ಅನ್ನಿಸುತ್ತದೆ. ತಮ್ಮನನ್ನು ಸೊಂಟದ ಮೇಲೆ ಹೊತ್ತವಳ ಕೈ ಖಾಲಿಯಾದರೆ ತಾನೇ ಅವಳು ಸ್ಲೇಟು ಹಿಡಿಯುವುದು. 2004ರಲ್ಲಿ ಕೇಂದ್ರ ಸರ್ಕಾರ ಹಿಂದುಳಿದ ಬ್ಲಾಕುಗಳಲ್ಲಿ ಹೆಣ್ಣುಮಕ್ಕಳಿಗೆ ವಸತಿ ಶಾಲೆಗಳನ್ನು ತೆರೆದಾಗಲೂ ಇಟ್ಟ ಹೆಸರು ಕಸ್ತೂರಬಾ ಅವರದೇ.

ಅಟ್ಟದ ಮೇಲಿನ ಲೆಕ್ಕ

ಅರಸೀಕೆರೆ ಸೀಮೆಯ ತೆಂಗಿನ ತೋಟದವರ ಮನೆಯ ಆಯವ್ಯಯ ಅಟ್ಟದ ಮೇಲಿರುತ್ತದೆ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವಿಡೀ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕಾಯಿ ಅಲ್ಲಾಡಿಸಿದರೆ ಚಿಪ್ಪಿನೊಳಗೆ ಗಡಗಡ ಸದ್ದು ಬಂದಾಗ ಉಂಡೆ ಕೊಬ್ಬರಿ ಆಯಿತೆಂದು ಅರ್ಥ. ಸಿಪ್ಪೆ ಸುಲಿದು, ಚಿಪ್ಪು ಒಡೆದು, ಕೊಬ್ಬರಿಗೆ ಪೆಟ್ಟು ಬೀಳದ ಹಾಗೆ ಬಿಡಿಸುವುದು ಬಹುಪಾಲು ಹೆಂಗಸರ ಕೈಗೆಲಸ. ಆಮೇಲೆ ಅರಸೀಕೆರೆಯ ಇಲ್ಲವೇ ತಿಪಟೂರಿನ ಮಾರುಕಟ್ಟೆ. ಹರಾಜಿನಲ್ಲಿ ಕ್ವಿಂಟಾಲಿಗೆ ಬಂದ ಬೆಲೆಯ ಮೇಲೆ ಆ ಮನೆಯ ಎಲ್ಲ ತೀರ್ಮಾನ ನಿಂತಿದೆ.

ಅದೇ ಅಟ್ಟದಿಂದ ಮಗನ ಇಂಜಿನಿಯರಿಂಗ್ ಫೀಸು ಇಳಿಯಬೇಕು, ಬೋರ್‌ವೆಲ್ ಸಾಲ ತೀರಬೇಕು, ಮಗಳ ಮದುವೆಯೂ ಆಗಬೇಕು. ನುಸಿ ಪೀಡೆ ಬಿದ್ದ ವರ್ಷ, ಮಳೆ ಕೈಕೊಟ್ಟು ಸುಳಿ ಒಣಗಿದ ವರ್ಷ, ಕಾಯಿ ಇದ್ದೂ ಬೆಲೆ ಕುಸಿದ ವರ್ಷ ಹೀಗೆ ಯಾವ ವರ್ಷವಾದರೂ ಮೊದಲು ಕತ್ತರಿ ಬೀಳುವುದು ಫೀಸು, ಸಾಲ, ಮದುವೆ ಈ ಮೂರಕ್ಕೂ ಸೇರದ ನಾಲ್ಕನೆಯದಕ್ಕೆ, ಮಗಳ ಓದಿಗೆ. ಸರ್ಕಾರಿ ಕಾಲೇಜಿನಲ್ಲಿ ಅವಳಿಗೆ ಬೋಧನಾ ಶುಲ್ಕ ಇಲ್ಲ, ಬಸ್ಸಿಗೆ ದುಡ್ಡು ಕೊಡಬೇಕಿಲ್ಲ, ಆದರೂ ಕತ್ತರಿ ಬೀಳುತ್ತದೆ. ಕಾರಣ ಇಷ್ಟೆ. ಅವಳು ಮನೆಯಲ್ಲಿದ್ದರೆ ಅಮ್ಮ ಕೂಲಿಗೆ ಹೋಗಬಹುದು, ಹಸು ನೋಡಿಕೊಳ್ಳಲು ಒಬ್ಬರಾದರು, ಡೇರಿಗೆ ಹಾಲು ಹಾಕಲು ಒಬ್ಬರಾದರು. ಓದಿನ ಖರ್ಚನ್ನು ಸರ್ಕಾರ ಹೊತ್ತುಕೊಳ್ಳಬಹುದು, ಅವಳ ಕೈಯ ಬೆಲೆಯನ್ನು ಯಾವ ಯೋಜನೆಯೂ ಕಟ್ಟಿಕೊಟ್ಟಿಲ್ಲ.

ಬೇಲೂರಿನ ಪಶ್ಚಿಮಕ್ಕೆ, ಕಾಫಿ ಸೀಮೆಯಲ್ಲಿ, ಲೆಕ್ಕ ಇನ್ನೊಂದು ಥರ. ಹಣ್ಣು ಕೊಯ್ಲು ನವೆಂಬರಿನಿಂದ ಫೆಬ್ರುವರಿಯವರೆಗೆ. ಪರೀಕ್ಷೆಗೆ ಕೂತು ಓದಬೇಕಾದ ತಿಂಗಳುಗಳೂ ಅವೇ. ಬಯಲುಸೀಮೆಯ ತಾಂಡಾಗಳಿಂದ, ಹಟ್ಟಿಗಳಿಂದ, ಈಗೀಗ ಅಸ್ಸಾಮಿನಿಂದಲೂ ತೋಟಕ್ಕೆ ಬಂದ ಕುಟುಂಬಗಳು ಲೈನ್ ಮನೆಗಳಲ್ಲಿ ಇಳಿದುಕೊಳ್ಳುತ್ತವೆ. ಅಪ್ಪ ಅಮ್ಮ ಇಬ್ಬರೂ ತೋಟಕ್ಕೆ ಹೋದ ಹಗಲಿನಲ್ಲಿ ಲೈನಿನ ಜಗಲಿಯ ಮೇಲೆ ಹತ್ತು ಹನ್ನೊಂದರ ಹುಡುಗಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅನ್ನಕ್ಕೆ ಇಟ್ಟಿರುತ್ತಾಳೆ. ಅವಳ ಹೆಸರು ಯಾವುದೋ ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿದೆ, ಅವಳು ಇಲ್ಲಿದ್ದಾಳೆ. ಇಲ್ಲಿಯ ಶಾಲೆಗೆ ಸೇರಿಸೋಣ ಎಂದು ಮೇಷ್ಟ್ರು ಬಂದು ಕೇಳಿದರೆ, ಯುಗಾದಿಗೆ ಊರಿಗೆ ಹೋಗ್ತೀವಲ್ಲ ಸಾರ್ ಎನ್ನುತ್ತಾರೆ.

ಅರಸೀಕೆರೆ, ತುಮಕೂರು, ಚಿತ್ರದುರ್ಗ ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನು ಹಟ್ಟಿಯಿಂದ ಹೊರಗಿಡುವ ಪದ್ಧತಿ ಪೂರ್ತಿ ಅಳಿದಿಲ್ಲ. 2023ರ ಜುಲೈನಲ್ಲಿ ತುಮಕೂರಿನ ಬಳಿಯ ಹಟ್ಟಿಯೊಂದರಲ್ಲಿ ಬಾಣಂತಿಯ ಜೊತೆ ಹೊರಗಿದ್ದ ಹಸುಗೂಸು ತೀರಿಕೊಂಡಾಗ ರಾಜ್ಯ ಬೆಚ್ಚಿತು. ಮೌಢ್ಯ ನಿಷೇಧ ಕಾಯಿದೆಯಲ್ಲಿ ಇದು ಅಪರಾಧ. ಆದರೆ ತಿಂಗಳಿಗೆ ಮೂರೋ ಐದೋ ದಿನ ಹಟ್ಟಿಯಾಚೆಯ ಜೋಪಡಿಯಲ್ಲಿ ಕೂರುವ ಹುಡುಗಿ ವರ್ಷಕ್ಕೆ ಎಷ್ಟು ಪಾಠ ಕಳೆದುಕೊಳ್ಳುತ್ತಾಳೆ ಎಂದು ಬೆಚ್ಚಿದವರು ಕಡಿಮೆ. ಶಾಲೆಗಳಲ್ಲಿ ಶುಚಿ ಯೋಜನೆಯ ಪ್ಯಾಡುಗಳು ಕೋವಿಡ್ ಕಾಲದಲ್ಲಿ ನಿಂತು, 2024ರಲ್ಲಿ ಮತ್ತೆ ಬಂದವು. ನಡುವಿನ ವರ್ಷಗಳಲ್ಲಿ ಹೈಸ್ಕೂಲು ಮುಗಿಸಿದವರು ಆ ಭಾಗ್ಯ ಇಲ್ಲದೆಯೇ ಮುಗಿಸಿದರು.

ಹೆಣ್ಣು ಸಿಗುತ್ತಿಲ್ಲ ಎಂಬ ಕೂಗು

ಮದುವೆಯ ಮಾತು ಎತ್ತದೆ ಈ ವಿಷಯ ಮುಗಿಯುವುದಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24ರ ಹರೆಯದ ಹೆಂಗಸರಲ್ಲಿ ಶೇ. 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಶೇ. 21.4. ಎಂದರೆ ಏನೂ ಬದಲಾಗಲಿಲ್ಲ. ಈ ನಡುವೆ ರಾಜ್ಯ ತನ್ನದೇ ತಿದ್ದುಪಡಿ ತಂದು ಬಾಲ್ಯವಿವಾಹಗಳನ್ನು ಮೂಲದಲ್ಲೇ ಅಸಿಂಧು ಎಂದು ಸಾರಿತ್ತು. ಹೆಣ್ಣುಮಗುವಿನ ಹೆಸರಿನಲ್ಲಿ ಸರ್ಕಾರ ಹಣ ತೊಡಗಿಸುತ್ತಿದ್ದ ಭಾಗ್ಯಲಕ್ಷ್ಮಿ ಬಾಂಡು 2006ರಲ್ಲಿ ಬಂತು, ಹದಿನೆಂಟರೊಳಗೆ ಮದುವೆಯಾಗಬಾರದು, ಕನಿಷ್ಠ ಎಂಟನೇ ತರಗತಿ ಓದಿರಬೇಕು ಎಂಬುದು ಅದರ ಷರತ್ತು. ಎಂಟು ಯಾಕೆ, ಹನ್ನೆರಡು ಯಾಕಲ್ಲ ಎಂದು ಆಗಲೇ ಕೇಳಬೇಕಿತ್ತು. ಶಿಕ್ಷಣ ಹಕ್ಕು ಕಾಯಿದೆಯೂ 14 ವರ್ಷಕ್ಕೇ ಕೈತೊಳೆದುಕೊಳ್ಳುತ್ತದೆ. ಬಾಂಗ್ಲಾದೇಶದವರು 1994ರಲ್ಲೇ ಪ್ರೌಢಶಾಲೆಯ ಹುಡುಗಿಯರಿಗೆ ದೇಶದುದ್ದಕ್ಕೂ ಸ್ಟೈಪೆಂಡು ಕೊಟ್ಟು, ಹಾಜರಿ ಇರಬೇಕು, ಅಂಕ ಬರಬೇಕು, ಮದುವೆಯಾಗಿರಬಾರದು ಎಂದು ಕಟ್ಟು ಹಾಕಿದ್ದರು.

ಈಗ ಹಳೇ ಮೈಸೂರು ಸೀಮೆಯಲ್ಲಿ ಹೊಸದೊಂದು ಕೂಗು ಎದ್ದಿದೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ರೈತ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು, ಹೆಣ್ಣು ಸಿಗಲಿ ಎಂದು ಹರಕೆ. ಹಾಸನದ ಹಳ್ಳಿಗಳಲ್ಲೂ ಮೂವತ್ತೈದು ದಾಟಿದ ಒಂಟಿ ಗಂಡಸರು ಅರಳಿಕಟ್ಟೆಯ ಮೇಲೆ ಸಿಗುತ್ತಾರೆ. “ಹೆಣ್ಮಕ್ಳನ್ನ ಓದಿಸಿ ಓದಿಸಿ ಹಿಂಗಾಯ್ತು ಕಣಣ್ಣ, ಡಿಗ್ರಿ ಆದೋಳು ಹಳ್ಳಿಗ್ ಬತ್ತಾಳಾ?” ಎಂಬ ಮಾತು ಟೀ ಅಂಗಡಿಯಲ್ಲಿ ಕೇಳದ ದಿನವಿಲ್ಲ. ಹೆಣ್ಣು ಭ್ರೂಣಗಳನ್ನು ಸ್ಕ್ಯಾನಿಂಗಿನಲ್ಲಿ ನೋಡಿ ತೆಗೆಸಿದ ವರ್ಷಗಳ ಲೆಕ್ಕ ಅಲ್ಲಿ ಯಾರೂ ತೆಗೆಯುವುದಿಲ್ಲ. ತಪ್ಪು ಓದಿನ ತಲೆಗೆ ಬರುತ್ತದೆ.

ಕೊರತೆಯಿರುವ ಸರಕಿಗೆ ಬೇಗ ಗಿರಾಕಿ ಬರುತ್ತಾರೆ. ವರದಕ್ಷಿಣೆ ಬೇಡ, ಮದುವೆ ಖರ್ಚೂ ನಮ್ಮದೇ, ಹುಡುಗಿ ಒಂದು ಕೊಡಿ ಎಂದು ಮನೆಬಾಗಿಲಿಗೆ ಬಂದ ಸಂಬಂಧದೆದುರು ದ್ವಿತೀಯ ಪಿಯುಸಿ ಓದುತ್ತಿರುವವಳ ಅಪ್ಪ ಎಷ್ಟು ದಿನ ಗಟ್ಟಿಯಾಗಿ ನಿಂತಾನು? ಹಿಂದೆ ವರದಕ್ಷಿಣೆ ಹೊಂದಿಸಲಾಗದೆ ಬೇಗ ಮದುವೆ ಮಾಡುತ್ತಿದ್ದರು, ಈಗ ವರದಕ್ಷಿಣೆ ಬೇಡವೆಂದದ್ದಕ್ಕೆ ಬೇಗ ಮಾಡುತ್ತಾರೆ.

ಮದುವೆಯಲ್ಲದೆ ತಲೆಯ ಮೇಲಿನ ಬಟ್ಟೆಯೂ, ಎಂದರೆ ಹಿಜಾಬೂ, ಅಡ್ಡಿಯಾದ ವರ್ಷ 2022. ಉಡುಪಿಯಲ್ಲಿ ಹೊತ್ತಿದ್ದು ರಾಜ್ಯಕ್ಕೆಲ್ಲ ಹಬ್ಬಿತು. ಫೆಬ್ರುವರಿ 5ರ ಸಮವಸ್ತ್ರದ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಎರಡು ದಿಕ್ಕಿನ ತೀರ್ಪು. ಧರ್ಮ, ಸಮವಸ್ತ್ರಗಳ ವಾದ ಏನೇ ಇರಲಿ, ಕಾಲೇಜಿನ ಗೇಟಿನಿಂದ ವಾಪಸು ಹೋದವರೆಲ್ಲ ಹುಡುಗಿಯರೇ. ಷರತ್ತು ಹಾಕಿಯಾದರೂ ಒಳಗೆ ಬಿಟ್ಟುಕೊಂಡದ್ದೂ ಉಂಟು. ಹಾಸನದಲ್ಲಿ ಹುಟ್ಟಿದ ಕಥೆಗಾರ್ತಿ ಬಾನು ಮುಷ್ತಾಕ್ ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕಾನ್ವೆಂಟಿಗೆ ಕನ್ನಡ ಕಲಿಯಲು ಹೋದಾಗ, ಆರು ತಿಂಗಳಲ್ಲಿ ಓದಲು ಬರೆಯಲು ಬಂದರೆ ಮಾತ್ರ ಎಂದು ಷರತ್ತು ಹಾಕಿ ಸೇರಿಸಿಕೊಂಡಿದ್ದರಂತೆ. ಹುಡುಗಿಗೆ ಕೆಲವೇ ದಿನ ಸಾಕಾಯಿತು. ಅದೇ ಕನ್ನಡದಲ್ಲಿ ಬರೆದ ಕಥೆಗಳಿಗೆ 2025ರಲ್ಲಿ, ದೀಪಾ ಭಾಸ್ತಿಯವರ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಬಂತು. ಅಂದು ಆ ಕಾನ್ವೆಂಟಿನವರು ಆಗುವುದಿಲ್ಲ ಎಂದು ಕಳಿಸಿಬಿಟ್ಟಿದ್ದರೆ?

ಮೂರು ಕಿಲೋಮೀಟರಿನಾಚೆ

ಬಿಹಾರ ಸರ್ಕಾರ 2006ರಲ್ಲಿ ಒಂಬತ್ತನೇ ತರಗತಿಗೆ ಸೇರಿದ ಹುಡುಗಿಯರಿಗೆ ಸೈಕಲ್ ಕೊಟ್ಟಿತು. ಕಾರ್ತಿಕ್ ಮುರಳೀಧರನ್, ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದರ ಫಲವನ್ನು ಅಳೆದು ನೋಡಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತ್ತು, ಹುಡುಗರಿಗೂ ಅವರಿಗೂ ಇದ್ದ ಅಂತರ ಶೇ. 40ರಷ್ಟು ಕುಗ್ಗಿತ್ತು. ಏರಿಕೆ ಹೆಚ್ಚಾಗಿ ಕಂಡದ್ದು ಶಾಲೆ ಮೂರು ಕಿಲೋಮೀಟರ್ ಅಥವಾ ಅದಕ್ಕಿಂತ ದೂರವಿದ್ದ ಹಳ್ಳಿಗಳಲ್ಲಿ. ಅಡ್ಡಿ ಅಪ್ಪಂದಿರ ಮನಸ್ಸಿನಲ್ಲಿತ್ತೆಂದು ಎಲ್ಲರೂ ಭಾವಿಸಿದ್ದರು, ಎರಡು ಚಕ್ರ ಬಂದದ್ದೇ ಮನಸ್ಸು ಬದಲಾಯಿತು. ಕರ್ನಾಟಕವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, 2006-07ರಲ್ಲಿ, ಎಂಟನೇ ತರಗತಿಯವರಿಗೆ ಸೈಕಲ್ ಕೊಡತೊಡಗಿತು. ಮುಂದೆ ಬುಟ್ಟಿಯಿದ್ದ ಆ ಸೈಕಲ್ಲುಗಳ ಸಾಲು ಜಾವಗಲ್, ಬಾಣಾವರ, ಗಂಡಸಿ ರಸ್ತೆಗಳಲ್ಲಿ ಬೆಳಗ್ಗೆ ಹೋಗುವುದನ್ನು ನೋಡುವುದೇ ಒಂದು ಖುಷಿಯಾಗಿತ್ತು. ಕೋವಿಡ್‌ನೊಂದಿಗೆ ಅದು ನಿಂತುಹೋಯಿತು. ಬಸ್ಸು ಉಚಿತವಾಯಿತಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ಬಸ್ಸು ಗೇಟಿನ ತನಕ ಬರುತ್ತದೆ, ಗೇಟಿನಿಂದ ಮನೆಗೆ ಬರುವುದಿಲ್ಲ.

ಆದ್ದರಿಂದ ಮೆಟ್ರಿಕ್ ನಂತರದ ಹುಡುಗಿಯರ ಹಾಸ್ಟೆಲ್ಲು ಬೇಕು, ಅದೂ ಹೋಬಳಿ ಮಟ್ಟದಲ್ಲಿ. ಸೀಟು ಸಿಕ್ಕವಳ ಮನೆಯಲ್ಲಿ ಬಸ್ಸು, ಕತ್ತಲು, ಆನೆ, ಹಸುವಿನ ಹಾಲು, ಮನೆಗೆ ಬಂದ ಸಂಬಂಧ ಎಲ್ಲಕ್ಕೂ ಒಂದೇ ಏಟಿಗೆ ಉತ್ತರ ಸಿಗುತ್ತದೆ. ಹಾಸ್ಟೆಲ್ಲಿನ ಜೊತೆ ಕೈಗೆ ದುಡ್ಡೂ ಬೇಕು. ಸರ್ಕಾರಿ ಶಾಲೆ, ಕಾಲೇಜುಗಳಲ್ಲಿ ಓದಿ ಡಿಗ್ರಿಗೆ ಸೇರುವ ಹುಡುಗಿಯರಿಗೆ ವರ್ಷಕ್ಕೆ 30,000 ರೂಪಾಯಿ ಕೊಡುವ ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ವಿದ್ಯಾರ್ಥಿವೇತನ 2025ರಲ್ಲಿ ಕರ್ನಾಟಕಕ್ಕೂ ಬಂದಿದೆ. ಮಗಳ ಖಾತೆಗೆ ದುಡ್ಡು ಬೀಳುತ್ತದೆ ಎಂದಾಗ ಅಟ್ಟದ ಲೆಕ್ಕದಲ್ಲಿ ಅವಳ ಹೆಸರೂ ಸೇರುತ್ತದೆ.

ಇಷ್ಟೆಲ್ಲ ದಾಟಿ ಬೇಲೂರಿನ ವೈ.ಡಿ.ಡಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲೋ ಅರಸೀಕೆರೆಯ ಕಾಲೇಜಿನಲ್ಲೋ ಡಿಗ್ರಿ ಮುಗಿಸಿದವಳು ಎಂ.ಎ., ಎಂ.ಕಾಂ. ಓದಲು ಹಾಸನದ ಹೇಮಗಂಗೋತ್ರಿಗೆ ಹೋಗಬಹುದು. ಬಹುಕಾಲ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಅದು ಈಚೆಗೆ ಹಾಸನ ವಿಶ್ವವಿದ್ಯಾಲಯವಾಯಿತು. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಮುಚ್ಚಬಹುದೆಂದು ಹೇಳಿದ ಒಂಬತ್ತು ಹೊಸ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಅದರ ಹೆಸರಿತ್ತು. ದುಡ್ಡಿಲ್ಲ, ಸಿಬ್ಬಂದಿಯಿಲ್ಲ ಎಂಬ ಕಾರಣಗಳು ಸುಳ್ಳಲ್ಲ. ಫಲಕದ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದೆ ಎಂಬುದು ಅರಸೀಕೆರೆಯ ಹುಡುಗಿಗೆ ಮುಖ್ಯವೂ ಅಲ್ಲ. ತರಗತಿಗಳು ಹಾಸನದಲ್ಲೇ ಇರುತ್ತವೆಯೇ ಎಂಬುದಷ್ಟೇ ಅವಳ ಪ್ರಶ್ನೆ. ಹಾಸನಕ್ಕಾದರೆ ಬೆಳಗ್ಗೆ ಹೋಗಿ ಸಂಜೆ ಬರಬಹುದು. ಮೈಸೂರು ಅಲ್ಲಿಂದಾಚೆ ಇನ್ನೂ ನೂರಿಪ್ಪತ್ತು ಕಿಲೋಮೀಟರ್, ಅಷ್ಟು ದೂರಕ್ಕೆ ಮನೆಯಲ್ಲಿ ಹೊಸದಾಗಿ ಒಪ್ಪಿಗೆ ಕೇಳಬೇಕು.